ಕ್ಯಾಲೆಂಡರಿನ 21 ಚೌಕಗಳು

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನ, ಹಾಲು ಹಾಕದ ದಿನ ಗುರುತು ಮಾಡುತ್ತಿದ್ದ ಚೌಕಗಳಲ್ಲಿ ಈಗ ಕೀಮೋ ದಿನದಿಂದ ಎಣಿಸಿದ 1ರಿಂದ 21ರವರೆಗಿನ ಅಂಕಿಗಳಿರುತ್ತವೆ. ಸ್ತನ ಕ್ಯಾನ್ಸರ್‌ಗೆ ಬಹಳ ಸಲ ಕೊಡುವ ಕೀಮೋ ಹೀಗೆ: ಡಾಕ್ಸೊರುಬಿಸಿನ್, ಸೈಕ್ಲೊಫಾಸ್ಫಮೈಡ್ ಎರಡೂ ಸೇರಿಸಿ 21 ದಿನಕ್ಕೊಮ್ಮೆ 4 ಸಲ, ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ವಾರಕ್ಕೊಮ್ಮೆ 12 ಸಲ. ಒಟ್ಟು 24 ವಾರ. ಹೆಂಡತಿಗೆ ಚಿಕಿತ್ಸೆ ನಡೆಯುವ ಮನೆಯಲ್ಲಿ ಗಂಡ ಮೊದಲು ಮಾಡುವ ತಪ್ಪೆಂದರೆ ಕೀಮೋ ದಿನಕ್ಕೇ ಎಲ್ಲ ರಜೆ, ಎಲ್ಲ ನೆಂಟರು, ಎಲ್ಲ ಗಾಬರಿಯನ್ನೂ ಖರ್ಚು ಮಾಡಿಬಿಡುವುದು. ಆ ದಿನ ನೋಡಿಕೊಳ್ಳಲು ನರ್ಸುಗಳಿರುತ್ತಾರೆ. ಮನೆಯವರ ಪಾಳಿ ಬಿಗಿಯಾಗುವುದು 7ನೇ ದಿನದಿಂದ.

ತುಮಕೂರಿನ ಒಂದು ಮನೆ ಎಂದುಕೊಳ್ಳಿ. ಮಗಳು ಮೂರನೇ ಕ್ಲಾಸು, ಮಗ ಎಲ್‌ಕೆಜಿ. ಕೀಮೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರ. ಹೊರಗಿನ ಲ್ಯಾಬಿನ ರಿಪೋರ್ಟ್ ಒಪ್ಪುತ್ತಾರೆಯೇ ಎಂದು ಮೊದಲ ಸಲವೇ ಕೇಳಿಟ್ಟುಕೊಳ್ಳಿ. ಒಪ್ಪುವುದಾದರೆ ಹಿಂದಿನ ದಿನ ಬೆಳಿಗ್ಗೆಯೇ ಊರಿನಲ್ಲಿ ರಕ್ತ ಕೊಟ್ಟರೆ ಸಂಜೆಗೆ ರಕ್ತಕಣಗಳ ಎಣಿಕೆಯ ಸಿಬಿಸಿ ರಿಪೋರ್ಟ್ ಕೈಗೆ ಬರುತ್ತದೆ. ಅದರಲ್ಲಿ ನೋಡಬೇಕಾದ ಅಂಕಿ ಎರಡು. ಪ್ಲೇಟ್‌ಲೆಟ್ 1 ಲಕ್ಷದ ಮೇಲಿರಬೇಕು. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣವಾದ ನ್ಯೂಟ್ರೋಫಿಲ್ ಸಾಮಾನ್ಯವಾಗಿ 1500ರ ಆಸುಪಾಸು ಇರಬೇಕು. ಎಷ್ಟೋ ಲ್ಯಾಬುಗಳು ನ್ಯೂಟ್ರೋಫಿಲ್ಲನ್ನು ಶೇಕಡಾವಾರು ಮಾತ್ರ ಬರೆದಿರುತ್ತವೆ. ಗುಣಿಸುವ ಕೆಲಸ ನಮ್ಮದು. ಒಟ್ಟು ಬಿಳಿ ರಕ್ತಕಣ 3200, ನ್ಯೂಟ್ರೋಫಿಲ್ ಶೇ. 45 ಎಂದಿದ್ದರೆ 1440. ಇಂಥ ಗಡಿಯಂಚಿನ ಲೆಕ್ಕ ಬಂದಾಗ ರಾತ್ರಿಯೇ ಫೋನ್ ಮಾಡಿ ಕೇಳಿ. ಇಲ್ಲದಿದ್ದರೆ ಬೆಳಿಗ್ಗೆ ಐದಕ್ಕೆ ಮಕ್ಕಳನ್ನು ಪಕ್ಕದ ಮನೆಗೆ ಸಾಗಿಸಿ, ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಕೂತು, ಹೋದ ಮೇಲೆ "ಕೌಂಟ್ ಸಾಲದು, ಮುಂದಿನ ವಾರ ಬನ್ನಿ" ಎಂದು ಕೇಳಿಸಿಕೊಂಡು ಬರಬೇಕಾಗುತ್ತದೆ.

ಅಲ್ಲಿ ಪ್ರತಿ ಸಲವೂ ತೂಕ ನೋಡುತ್ತಾರೆ. ಎತ್ತರ, ತೂಕದಿಂದ ಮೈಯ ವಿಸ್ತೀರ್ಣ ಲೆಕ್ಕ ಹಾಕಿ ಔಷಧಿ ಅಳೆಯುತ್ತಾರೆ. ಡಾಕ್ಸೊರುಬಿಸಿನ್ ಚದರ ಮೀಟರಿಗೆ 60 ಮಿಲಿಗ್ರಾಂ, 1.5 ಚದರ ಮೀಟರ್ ಮೈಗೆ 90. ಆದ್ದರಿಂದ ಶಾಲು, ಚಪ್ಪಲಿ, ಹ್ಯಾಂಡ್‌ಬ್ಯಾಗು ಬಿಟ್ಟು ತೂಕದ ಮೆಷಿನ್ ಹತ್ತಿ. ಔಷಧಿಯ ಬಣ್ಣ ಥೇಟ್ ರೂಹಫ್ಜಾ ಕೆಂಪು. ಅದು ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಸುಟ್ಟುಹೋಗುತ್ತದೆ. ಸೂಜಿ ಇರುವ ಜಾಗದಲ್ಲಿ ಉರಿ, ಚುರುಕು, ಊತ ಕಂಡರೆ ಅದೇ ಕ್ಷಣ ನರ್ಸನ್ನು ಕೂಗಬೇಕು. "ಪಾಪ, ಅವರಿಗೂ ಎಷ್ಟು ಕೆಲಸ" ಎಂದು ಸುಮ್ಮನಿರುವ ಹೆಂಗಸರೇ ನಮ್ಮಲ್ಲಿ ಹೆಚ್ಚು. ಜೊತೆಗೆ ಹೋದವರು ಫೋನ್ ನೋಡುತ್ತಾ ಕೂರದಿರಲು ಇಷ್ಟೇ ಕಾರಣ ಸಾಕು.

ಸೈಕ್ಲೊಫಾಸ್ಫಮೈಡ್ ಮೂತ್ರಕೋಶವನ್ನು ಕೆರಳಿಸುತ್ತದೆ. ಹಾಗಾಗಿ ಆ ದಿನ ಎರಡು ಮೂರು ಲೀಟರ್ ನೀರು ಕುಡಿಯಿರಿ, ಪದೇ ಪದೇ ಮೂತ್ರಕ್ಕೆ ಹೋಗಿ ಎನ್ನುತ್ತಾರೆ. ಹೇಳುವುದು ಸುಲಭ. ತಡೆಯಿಲ್ಲದ ಬಸ್ಸಿನಲ್ಲಿ ಎರಡು ಗಂಟೆ ಕೂರಬೇಕಾದವರು ಆ ಭಯಕ್ಕೇ ನೀರು ಕುಡಿಯುವುದಿಲ್ಲ. ಹೋಗುವಾಗ ಬಸ್ಸಾದರೂ ಸರಿ, ಬರುವಾಗ ಕಾರಿಗೋ ಶೌಚಾಲಯವಿರುವ ರೈಲಿಗೋ ದುಡ್ಡು ಎತ್ತಿಡಿ. ಮರುದಿನ ಮೂತ್ರ ಕೆಂಪಗೆ ಬರುವುದು ಡಾಕ್ಸೊರುಬಿಸಿನ್ನಿನ ಬಣ್ಣ. ಎರಡು ದಿನ ಕಳೆದರೂ ಹಾಗೇ ಇದ್ದರೆ ಆಸ್ಪತ್ರೆಗೆ ಹೇಳಬೇಕು. ಈ 48 ಗಂಟೆ ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಿ. ವಾಂತಿಯಾದ ಬಟ್ಟೆಯನ್ನು ಕೈಗವಸು ಹಾಕಿ ಬೇರೆಯಾಗಿ ಒಗೆಯಿರಿ. ಅಮ್ಮನನ್ನು ತಬ್ಬಿಕೊಳ್ಳಲು ಮಕ್ಕಳಿಗೆ ಅಡ್ಡಿಯೇನಿಲ್ಲ.

ಎರಡನೇ ದಿನದ ತಲೆನೋವು ಫ್ರಿಜ್ಜಿನದು. ಬಿಳಿ ರಕ್ತಕಣ ಏರಿಸುವ ಪೆಗ್‌ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಅದನ್ನು ಕೀಮೋ ಮುಗಿದು 24 ಗಂಟೆಯಾದ ಮೇಲೇ ಹಾಕಿಸಬೇಕು. ಅಲ್ಲಿಯವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನಿಂದ ತರುವಾಗ ಐಸ್ ಪ್ಯಾಕಿಗೆ ನೇರ ತಾಗದಂತೆ ಬಟ್ಟೆ ಸುತ್ತಿ. ಮನೆಯಲ್ಲಿ ಫ್ರೀಜರ್ ಪಕ್ಕವೂ ಬೇಡ, ಬಾಗಿಲಿನ ಅರೆಯೂ ಬೇಡ: ಒಂದು ಕಡೆ ಹೆಪ್ಪುಗಟ್ಟುತ್ತದೆ, ಇನ್ನೊಂದು ಕಡೆ ಮಕ್ಕಳು ನೀರಿನ ಬಾಟಲಿಗೆಂದು ತೆರೆದಾಗಲೆಲ್ಲ ಬಿಸಿಯಾಗುತ್ತದೆ. ನಡುವಿನ ತಟ್ಟೆಯಲ್ಲಿ, ಹಿಟ್ಟಿನ ಪಾತ್ರೆಯ ಹಿಂದೆ, ಮುಚ್ಚಳದ ಡಬ್ಬಿಯೊಳಗೆ ಇಡಿ. ಗಟ್ಟಿಯಾಗಿಹೋಗಿದ್ದರೆ ಕೇಳದೆ ಹಾಕಿಸಬೇಡಿ. ಹಾಕಿಸಿದ ಮೇಲೆ ಒಂದೆರಡು ದಿನ ಸೊಂಟ, ತೊಡೆಯ ಮೂಳೆಯೊಳಗಿಂದ ಎದ್ದು ಬರುವಂಥ ನೋವಿರುತ್ತದೆ. ಮೊದಲೇ ಗೊತ್ತಿದ್ದರೆ ರೋಗ ಮೂಳೆಗೆ ಹರಡಿತೇನೋ ಎಂಬ ದಿಗಿಲಾದರೂ ತಪ್ಪುತ್ತದೆ.

ಮೊದಲ ನಾಲ್ಕೈದು ದಿನ ಅಡುಗೆಮನೆಯ ದೊಡ್ಡ ಶತ್ರು ಒಗ್ಗರಣೆ. ಬೆಳ್ಳುಳ್ಳಿ, ಇಂಗಿನ ಘಾಟು ಹಾಲ್ ದಾಟಿ ಮಲಗುವ ಕೋಣೆಗೆ ಬಂದರೆ ಕುಡಿದ ಗಂಜಿಯೂ ಹೊರಗೆ. ಆರಿದ ಊಟಕ್ಕೆ ವಾಸನೆ ಕಡಿಮೆ. ಆರಿದ ಇಡ್ಲಿ, ಮನೆಯಲ್ಲೇ ಹೆಪ್ಪು ಹಾಕಿದ ಮೊಸರಿನ ಅನ್ನ ಒಳಗೆ ಇಳಿಯುತ್ತವೆ. ಬಾಯೆಲ್ಲ ಕಬ್ಬಿಣದ ರುಚಿ ಎಂದರೆ ಸ್ಟೀಲ್ ಚಮಚ ಬಿಟ್ಟು ಮರದ್ದು ಕೊಡಿ. ವಾಂತಿ ತಡೆಯಲು ಕೊಡುವ ಸ್ಟೀರಾಯ್ಡ್ ಆದ ಡೆಕ್ಸಾಮೆಥಾಸೋನ್ ಮಾತ್ರೆಯನ್ನು ಬೆಳಿಗ್ಗೆ ತಿಂಡಿಯ ಜೊತೆ ನುಂಗಿಸಿ. ಸಂಜೆ ನುಂಗಿದರೆ ರಾತ್ರಿಯಿಡೀ ಕಣ್ಣು ಬಿಟ್ಟುಕೊಂಡೇ ಇರುತ್ತಾರೆ. ವಾಂತಿ ನಿಲ್ಲಿಸುವ ಒಂಡಾನ್ಸೆಟ್ರಾನ್ ಮಲ ಕಟ್ಟಿಸುತ್ತದೆ. ಅದಕ್ಕೆ ಏನು ಕೊಡಬೇಕೆಂದು ಡಿಸ್ಚಾರ್ಜ್ ಹೊತ್ತಿಗೇ ಕೇಳಿ, ನಾಲ್ಕನೇ ದಿನಕ್ಕಲ್ಲ.

ಕಷಾಯದ ವಿಷಯಕ್ಕೆ ಅತ್ತೆ, ಅಮ್ಮ, ಎದುರು ಮನೆಯವರು ಎಲ್ಲರೂ ಒಂದೇ ಪಕ್ಷ. ಅಮೃತಬಳ್ಳಿಯಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲೇ ದಾಖಲಾಗಿವೆ. ಲಿವರಿನ ಅಂಕಿ ಏರಿದರೆ ಮುಂದಿನ ಕೀಮೋ ಮುಂದಕ್ಕೆ ಹೋಗಬಹುದು. ಜಗಳವಾಡುವ ಬದಲು "ಡಾಕ್ಟ್ರು ಬೇಡ ಅಂದಿದ್ದಾರೆ ಅಮ್ಮಾ, ನೀವು ರಾಗಿ ಗಂಜಿ ಮಾಡಿಕೊಡಿ" ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅವರಿಗೆ ಬೇಕಿರುವುದೂ ಏನಾದರೊಂದು ಮಾಡಿಕೊಡುವ ಅವಕಾಶ.

ಇದೇ ಉಪಾಯ ಉಳಿದವರಿಗೂ. "ಏನಾದ್ರೂ ಬೇಕಿದ್ರೆ ಹೇಳಿ" ಎಂದವರಿಗೆ ಅಲ್ಲೇ ದಿನ, ಹೊತ್ತು ಸೇರಿಸಿ ಹೇಳಿಬಿಡಬೇಕು: ಮಂಗಳವಾರ ಗುರುವಾರ ನಾಲ್ಕೂವರೆಗೆ ಶಾಲೆಯಿಂದ ಮಕ್ಕಳನ್ನು ಕರೆತರುವುದು, ಭಾನುವಾರ ಎರಡು ಕೆಜಿ ಹಿಟ್ಟು ರುಬ್ಬಿಸುವುದು. ನೆಗಡಿ ಇದ್ದವರು ಬಾಗಿಲಿನಿಂದಲೇ ವಾಪಸ್. ಕ್ಲಾಸ್ ಟೀಚರಿಗೂ ಒಂದು ಮಾತು: ಕ್ಲಾಸಿನಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್, ದಡಾರ ಬಂದರೆ ಅವತ್ತೇ ತಿಳಿಸಿ ಎಂದು. ಚಿಕನ್‌ಪಾಕ್ಸ್ ಸೋಂಕು ಆಕೆಗೆ ತಗುಲಿದ ಸಂಶಯವಿದ್ದರೆ ಗುಳ್ಳೆ ಏಳುವವರೆಗೆ ಕಾಯದೆ ಆಸ್ಪತ್ರೆಗೆ ಫೋನ್ ಮಾಡಬೇಕು. ಪಲ್ಸ್ ಪೋಲಿಯೊ ದಿನ ಮಗನಿಗೆ ಹನಿ ಹಾಕಿಸುವ ಮುಂಚೆಯೂ ಕೇಳಿ. ಅದು ಜೀವಂತ ವೈರಸ್ಸಿನ ಲಸಿಕೆ.

ಇನ್ನು 7ರಿಂದ 14. ವಾಂತಿ ನಿಂತಿರುತ್ತದೆ, ನೆಂಟರು ಹೊರಟಿರುತ್ತಾರೆ, ಗಂಡನ ರಜೆ ಮುಗಿದಿರುತ್ತದೆ, "ಈಗ ಆರಾಮಿದ್ದೀನಿ ಬಿಡಿ" ಎಂದು ಆಕೆ ಎದ್ದು ಮಕ್ಕಳ ಡಬ್ಬಿ ಕಟ್ಟುತ್ತಿರುತ್ತಾಳೆ. ಬಿಳಿ ರಕ್ತಕಣ ತಳ ಮುಟ್ಟುವುದು ಇದೇ ವಾರ. ಹಸಿ ಕೋಸಂಬರಿ, ಹೊರಗಿನ ಹೆಚ್ಚಿದ ಹಣ್ಣು, ಅರೆಬೆಂದ ಮೊಟ್ಟೆ ಬೇಡ. ಬಾಯಿ ಹುಣ್ಣಿಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಬೇಕು. ಉಳಿದದ್ದನ್ನು ಮರುದಿನಕ್ಕೆ ಇಡಬಾರದು. ಥರ್ಮಾಮೀಟರ್ ದಿಂಬಿನ ಪಕ್ಕದಲ್ಲಿರಲಿ, ಸೆಲ್ ಹೊಸದಿರಲಿ. 100.4 ಫ್ಯಾರನ್‌ಹೀಟ್ ತೋರಿಸಿದರೆ ಅದು ಮಾಮೂಲಿ ಜ್ವರವಲ್ಲ, ಎಮರ್ಜೆನ್ಸಿ. ಮೊದಲು ಅಳೆಯಬೇಕು, ಪ್ಯಾರಾಸಿಟಮಾಲ್ ನುಂಗಿಸಿಬಿಟ್ಟರೆ ಅಂಕಿ ಇಳಿಯುತ್ತದೆ, ಸೋಂಕು ಒಳಗೇ ಏರುತ್ತದೆ. ಬೆಳಗಾಗಲಿ ಎಂದು ಕಾಯಬಾರದು. ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಕೊಡಬಲ್ಲ, ರಾತ್ರಿಯೂ ತೆರೆದಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಅಲ್ಲಿ ಬಾಯಿಂದ ಬರುವ ಮೊದಲ ವಾಕ್ಯ "ಜ್ವರ ಬಂದಿದೆ" ಎಂದಲ್ಲ, "ಕೀಮೋ ಆಗಿ ಹತ್ತು ದಿನ, ಜ್ವರ 100.8" ಎಂದು. ರಾತ್ರಿ ಎರಡಕ್ಕೆ ಮಲಗಿರುವ ಮಕ್ಕಳ ಹತ್ತಿರ ಬಂದು ಕೂರುವವರು ಯಾರು ಎಂಬುದು ನಿಗದಿಯಾಗಿ, ಮನೆಯ ಇನ್ನೊಂದು ಬೀಗದ ಕೈ ಅವರಲ್ಲಿರಬೇಕು. ಗಂಡನಾದವನು ಉಳಿಸಿಕೊಳ್ಳಬೇಕಾದ ರಜೆ ಈ ವಾರಕ್ಕೇ.

ಎರಡು ಮೂರು ವಾರಕ್ಕೆ ಕೂದಲು ಹಿಡಿ ಹಿಡಿಯಾಗಿ ದಿಂಬಿನ ಮೇಲೆ ಬರುತ್ತದೆ. ಮೊದಲೇ ಗಿಡ್ಡ ಕತ್ತರಿಸಿದ್ದರೆ ಬಚ್ಚಲ ಮೋರಿ ಕಟ್ಟಿಕೊಳ್ಳುವುದಿಲ್ಲ, ಮಗಳಿಗೂ ಒಂದೇ ದಿನದಲ್ಲಿ ಅಮ್ಮನ ಮುಖ ಬದಲಾದಂತೆ ಕಾಣುವುದಿಲ್ಲ. ಮಕ್ಕಳಿಗೆ ಕ್ಯಾನ್ಸರ್ ಎಂಬ ಪದವನ್ನೇ ಹೇಳುವುದು ಒಳ್ಳೆಯದು. ಹೇಗೂ ಶಾಲೆಯ ವ್ಯಾನಿನಲ್ಲಿ ಕೇಳಿಸಿಕೊಂಡು ಬರುತ್ತಾರೆ.

ವಾರದ ಪ್ಯಾಕ್ಲಿಟ್ಯಾಕ್ಸೆಲ್ ಶುರುವಾದ ಮೇಲೆ ಕಷ್ಟ ಬೆರಳ ತುದಿಗೆ ಬರುತ್ತದೆ. ಜೋಮು ಹಿಡಿದ ಬೆರಳಿಗೆ ಮಗನ ಯೂನಿಫಾರ್ಮಿನ ಗುಂಡಿ ಸಿಗುವುದಿಲ್ಲ, ಕುಕ್ಕರಿನ ಬಿಸಿ ತಿಳಿಯುವುದಿಲ್ಲ. ಇದನ್ನು ಡಾಕ್ಟರಿಗೆ ತಪ್ಪದೆ ಹೇಳಿ, ಅದಕ್ಕೆ ತಕ್ಕಂತೆ ಡೋಸ್ ಬದಲಿಸುವುದುಂಟು. ಎಲ್‌ಕೆಜಿ ಹುಡುಗನಿಗೆ ಎಳೆದರೆ ಏರುವ ಎಲಾಸ್ಟಿಕ್ ಚಡ್ಡಿ, ಗುಂಡಿಯ ಬದಲು ವೆಲ್ಕ್ರೋ. ಹಾಲಿನ ಪಾತ್ರೆ ಇಳಿಸುವ ಕೆಲಸ ಗಂಡನದು.