ನೃಪತುಂಗ ಬೆಟ್ಟದಿಂದ ಉಣಕಲ್ ಕೆರೆಗೆ: ಸಿಬಿ ರೇಡಿಯೊ ಕೋಡ್‌ಗಳ ಕೆಲಸ ಎಲ್ಲಿಗೆ ಬಂತು

ಸಿಬಿ ಎಂದರೆ ಸಿಟಿಜನ್ಸ್ ಬ್ಯಾಂಡ್, ಸಾಮಾನ್ಯ ಜನ ತಮ್ಮತಮ್ಮಲ್ಲಿ ಮಾತಾಡುವ ರೇಡಿಯೊ. ನಮ್ಮ ಎರಡೂ ಹ್ಯಾಂಡ್‌ಸೆಟ್ ಈಗ ಸರಿಯಾಗಿ ನಡೆಯುತ್ತಿವೆ. ಹಾಗಾಗಿ ಈ ತಿಂಗಳು ಪೂರ್ತಿ ಕೋಡ್‌ಗಳದ್ದೇ ಕೆಲಸ. ಗೆಳೆಯ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಮೇಲೆ, ನಾನು ಉಣಕಲ್ ಕೆರೆ ದಂಡೆಯಲ್ಲಿ.

ನಮ್ಮಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, 5 ವ್ಯಾಟ್ ಮೀರದೆ, ಸೆಟ್‌ನದೇ ಆಂಟೆನಾದಲ್ಲಿ ಮಾತಾಡಲು ಲೈಸೆನ್ಸ್ ಬೇಕಿಲ್ಲ. ಆದರೆ ತರಂಗದ ಉದ್ದ 11 ಮೀಟರ್. ಅದರ ಕಾಲು ಭಾಗದ ಆಂಟೆನಾ ಎಂದರೂ 2.75 ಮೀಟರ್ ಬೇಕು. ಕೈಸೆಟ್ಟಿನ ಗಿಡ್ಡ ಆಂಟೆನಾದಿಂದ ದನಿ ಕ್ಷೀಣವಾಗಿಯೇ ಬರುತ್ತದೆ. ಅದರ ಮೇಲೆ ಕಳಪೆ ಎಲ್‌ಇಡಿ ಬಲ್ಬಿನ ಗುಂಯ್, ಬೈಕುಗಳ ಚರಚರ. ಕೋಡ್ ಬೇಕಾಗುವುದೇ ಇಲ್ಲಿ.

ನಾವು ಹಿಡಿದದ್ದು ಟೆನ್ ಕೋಡ್: ‘ಟೆನ್-ಫೋರ್’, ‘ಟೆನ್-ನೈನ್’ ಹೀಗೆ ‘ಟೆನ್’ ಮುಂದೆ ಒಂದು ಅಂಕಿ ಹೇಳಿದರೆ ಅದೇ ಒಂದು ಸಂದೇಶ. ಮೊದಲು ‘ಟೆನ್’ ಬಿಟ್ಟು ಬರೀ ‘ಫೋರ್’, ‘ನೈನ್’ ಎಂದು ನೋಡಿದೆವು. ಎಷ್ಟೋ ಸಲ ಅಂಕಿ ಕೇಳಿಸಲೇ ಇಲ್ಲ. 1930ರ ದಶಕದಲ್ಲಿ ಅಮೆರಿಕದ ಇಲಿನಾಯ್ ಪೊಲೀಸ್ ಇಲಾಖೆಯ ಚಾರ್ಲ್ಸ್ ಹಾಪರ್ ಟೆನ್ ಕೋಡ್ ರೂಪಿಸಿದ್ದೂ ಇದೇ ತೊಂದರೆಗೆ. ಆಗ ಕಾರಿನ ರೇಡಿಯೊಗೆ ವಿದ್ಯುತ್ ಕೊಡುವ ಮೋಟಾರ್-ಜನರೇಟರ್ ವೇಗ ಹಿಡಿಯುವಷ್ಟರಲ್ಲಿ ಮೊದಲ ಉಚ್ಚಾರ ಹಾರಿಹೋಗುತ್ತಿತ್ತು. ಹೋದರೆ ‘ಟೆನ್’ ಹೋಗಲಿ, ಅಂಕಿ ಉಳಿಯಲಿ ಎಂಬ ಲೆಕ್ಕ. ನಮ್ಮ ಸೆಟ್‌ನಲ್ಲಿ ಮೋಟಾರ್ ಇಲ್ಲ, ಆದರೆ ಸ್ಕ್ವೆಲ್ಚ್ (ಯಾರೂ ಮಾತಾಡದಾಗ ಸ್ಪೀಕರಿನ ಗದ್ದಲ ಮುಚ್ಚಿಡುವ ಏರ್ಪಾಡು) ತೆರೆದುಕೊಳ್ಳುವಾಗ ಮೊದಲ ಸದ್ದು ಇವತ್ತಿಗೂ ಹೋಗುತ್ತದೆ. ‘ಟೆನ್’ ಉಳಿಸಿಕೊಂಡೆವು. ಎಷ್ಟು ಯೋಚಿಸಿ ಮಾಡಿದ ಕೆಲಸ ಅದು!

ಕನ್ನಡದಲ್ಲೇ ಹೇಳಬೇಕೆಂಬ ಆಸೆ ನನಗೆ ಬಹಳ ಇತ್ತು. ಆದರೆ ‘ಹತ್ತು, ಒಂಬತ್ತು’ ಎಂದು ಅವಸರದಲ್ಲಿ ಹೇಳಿದರೆ ಆ ಕಡೆ ಹತ್ತೊಂಬತ್ತು ಎಂದೇ ಕೇಳಿಸುತ್ತದೆ. ಗೆಳೆಯ 19ನೇ ಚಾನೆಲ್‌ಗೆ ಹೋಗಿ ಕಾಯುತ್ತ ಕೂತ. ಅಂಕಿ ಇಂಗ್ಲಿಷಿನಲ್ಲಿ, ಉಳಿದ ಮಾತು ಕನ್ನಡದಲ್ಲಿ ಎಂದು ತೀರ್ಮಾನವಾಯಿತು.

ಸದ್ಯಕ್ಕೆ ಇಷ್ಟು ಬಳಕೆಯಲ್ಲಿವೆ: 10-4 ಎಂದರೆ ‘ತಿಳೀತು’, 10-9 ‘ಇನ್ನೊಮ್ಮೆ ಹೇಳು’, 10-20 ‘ಎಲ್ಲಿದ್ದಿ?’, 10-1 ‘ನಿನ್ನ ದನಿ ಸರಿ ಕೇಳವಲ್ದು’, 10-7 ‘ಸೆಟ್ ಬಂದ್ ಮಾಡಾಕತ್ತೀನಿ’. ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊದವರು, ಬಳಸುವ ಕ್ಯೂ ಕೋಡ್ (ಕ್ಯೂನಿಂದ ಶುರುವಾಗುವ ಮೂರಕ್ಷರದ ಸಂಕೇತಗಳು) ಚುಕ್ಕೆ-ಗೆರೆಗಳ ಮೋರ್ಸ್‌ಗಾಗಿ ಹುಟ್ಟಿದ್ದು, ಬಾಯಿಮಾತಿಗೆ ಉದ್ದವಾಗುತ್ತದೆ. ಅಡಚಣೆಗೆ ‘ಕ್ಯೂಆರ್‌ಎಂ’ ಒಂದನ್ನೇ ತೆಗೆದುಕೊಂಡಿದ್ದೇವೆ. ತುರ್ತಿಗೆ 10-33 ಪಟ್ಟಿಯಲ್ಲಿದ್ದರೂ ನಾವು ಬಳಸುವುದಿಲ್ಲ. ಆಪತ್ತಿನಲ್ಲಿ ಕೋಡ್ ಗೊತ್ತಿಲ್ಲದವರೂ ಕೇಳುತ್ತಿರಬಹುದು, ಆಗ ನೇರ ಕನ್ನಡವೇ ಸರಿ.

ಮುಂದಿನ ವಾರ ಗೆಳೆಯ ಬೆಟ್ಟದಲ್ಲೇ ಇರುತ್ತಾನೆ, ನಾನು ನವನಗರ ದಾಟಿ ಸತ್ತೂರಿನ ಕಡೆ ಹೋಗುತ್ತೇನೆ. 10-1 ಎಲ್ಲೆಲ್ಲಿ ಶುರುವಾಗುತ್ತದೋ ಆ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡುವುದಿದೆ.