ಅಪ್ಪ, ಮಗ, ಒಂದೇ ಗಂಟಲು

ಇವತ್ತು ಪಾತ್ರೆ ತೊಳೆಯುವಾಗ ಫೋನನ್ನು ಕಿಟಕಿ ಹತ್ತಿರ ಇಟ್ಟು ಡ್ರ್ಯಾಗನ್ ಬಾಲ್ ಅನ್ನೋ ಅನಿಮೆ, ಅಂದ್ರೆ ಜಪಾನಿನ ಕಾರ್ಟೂನ್ ಸರಣಿ, ಹಾಕಿದ್ದೆ. ಜಪಾನೀಸ್ ಆಡಿಯೋ. ಕೈ ತುಂಬ ಸೋಪು, ಕಣ್ಣು ಬಾಣಲೆ ಮೇಲೆ, ಇನ್ನು ಸಬ್‌ಟೈಟಲ್ ಎಲ್ಲಿ ಓದೋದು? ಸುಮ್ನೆ ಕೇಳಿಸಿಕೊಂಡೆ.

ಅದರ ನಾಯಕ ಗೋಕು ತನ್ನ ಮಗ ಗೋಹಾನ್ ಜೊತೆ ಮಾತಾಡುತ್ತಿದ್ದ. ಅಪ್ಪ ತನ್ನನ್ನು ‘ಒರಾ’ ಅಂತಾನೆ, ಹಳ್ಳಿ ಕಡೆಯ ‘ನಾನು’ ಅದು. ಮಗ ಮೆತ್ತಗೆ ‘ಬೊಕು’ ಅಂತಾನೆ, ಅದೂ ‘ನಾನು’ ಅಂತಲೇ. ಎರಡೂ ಒಬ್ಬರದೇ ಧ್ವನಿ! ಮಸಾಕೊ ನೊಜಾವಾ, 1936ರಲ್ಲಿ ಹುಟ್ಟಿದ ಹೆಂಗಸು, 1986ರಿಂದ ಗೋಕುಗೆ ಅವರದೇ ಗಂಟಲು. ಕಿರಿಮಗ ಗೋಟೆನ್‌ಗೂ ಅವರೇ. ಇದು ಮೊದಲೇ ಗೊತ್ತಿತ್ತು, ಆದರೆ ತೆರೆ ನೋಡದೆ, ಭಾಷೆಯೂ ಬರದೆ, ಯಾರ ಮಾತು ಯಾವುದು ಅಂತ ಒಂದು ಸಲವೂ ತಪ್ಪಲಿಲ್ಲ ನೋಡಿ, ಅದು ಇವತ್ತೇ ಗಮನಕ್ಕೆ ಬಂದಿದ್ದು.

ಅನಿಮೆ ಅಂದ್ರೆ ಬರೀ ಕಿರುಚಾಟ ಅಂತ ನಮ್ಮ ಮನೆಯಲ್ಲೂ ಹೇಳುತ್ತಾರೆ. ಕಿರುಚುತ್ತಾರೆ, ಜಾಸ್ತಿನೇ ಕಿರುಚುತ್ತಾರೆ. ನನಗೆ ಇಷ್ಟ ಆಗೋದು ಮಾತಿನ ಮುಂಚಿನ ಆ ಚಿಕ್ಕ ಉಸಿರು, ‘ಹ್ಮ್’, ‘ಎ?’. ಅನಿಮೆಗೆ ಸಾಮಾನ್ಯವಾಗಿ ಧ್ವನಿ ಕೊಡುವವರೆಲ್ಲ ಒಂದೇ ಕೋಣೆಯಲ್ಲಿ ಸ್ಕ್ರಿಪ್ಟ್ ಹಿಡಿದು ನಿಂತು, ಇರುವ ನಾಲ್ಕೈದು ಮೈಕನ್ನೇ ಹಂಚಿಕೊಂಡು ಮಾತಾಡುತ್ತಾರೆ. ಎದುರಿನವರ ಉಸಿರು ಕೇಳಿಸುತ್ತೆ, ಅದಕ್ಕೆ ಉತ್ತರ ಹುಟ್ಟುತ್ತೆ. ವಿಡಿಯೋ ಗೇಮ್‌ಗಳಲ್ಲಿ ಬಹುಪಾಲು ಒಬ್ಬೊಬ್ಬರೇ ಕೂತು ಸಾಲು ಸಾಲಾಗಿ ಓದೋದು. ಅದಕ್ಕೇ ಇರಬೇಕು, ಅದೇ ಕಲಾವಿದರು ಗೇಮ್‌ನಲ್ಲಿ ನನಗೆ ಸ್ವಲ್ಪ ಸಪ್ಪೆ ಅನ್ನಿಸುತ್ತಾರೆ. ನಿಮಗೂ ಹಾಗೇ ಅಲ್ವಾ?

ಕೇಳುತ್ತಾ ಕೇಳುತ್ತಾ ಒಂದೇ ಲೋಟ ಮೂರು ಸಲ ತೊಳೆದಿದ್ದೇನೆ.