ಮಾಣಿಕ್ಯ ಮತ್ತು ಸ್ಪಿನೆಲ್: ಅಳತೆ ಎಲ್ಲಿಗೆ ಬಂತು

ಎರಡು ಕೆಂಪು ಹರಳುಗಳನ್ನು ಅಳೆದು ಹೋಲಿಸುವ ಕೆಲಸ ಈಗ ಮುಕ್ಕಾಲು ಪಾಲು ಮುಗಿದಿದೆ. ಒಂದು ಮಾಣಿಕ್ಯ, ಇನ್ನೊಂದು ಸ್ಪಿನೆಲ್. ಎರಡಕ್ಕೂ ಕೆಂಪು ಬಂದಿರುವುದು ಕ್ರೋಮಿಯಂನಿಂದಲೇ. ಹಾಗಾಗಿ ಬಣ್ಣ ನೋಡಿ ಹೇಳುವುದು ಆಗದ ಮಾತು. ಬ್ರಿಟಿಷ್ ರಾಜಕಿರೀಟದ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಕೂಡ ನಿಜಕ್ಕೂ ಸ್ಪಿನೆಲ್ಲೇ ಅಲ್ವಾ?

ಮೊದಲು ಸಾಂದ್ರತೆ. ಹರಳನ್ನು ಗಾಳಿಯಲ್ಲಿ ಒಮ್ಮೆ, ನೀರಲ್ಲಿ ಮುಳುಗಿಸಿ ಒಮ್ಮೆ ತೂಗಿದೆ. ಮಾಣಿಕ್ಯ ಗಾಳಿಯಲ್ಲಿ 1.92 ಕ್ಯಾರೆಟ್, ನೀರಲ್ಲಿ 1.44. ಕಡಿಮೆಯಾದ 0.48ರಿಂದ ಭಾಗಿಸಿದರೆ 4.00. ಸ್ಪಿನೆಲ್ 2.16 ಇದ್ದದ್ದು 1.56ಕ್ಕೆ ಇಳಿಯಿತು, ಅಂದರೆ 3.60. ನೀರಿಗೆ ಒಂದು ತೊಟ್ಟು ಸೋಪು ಹಾಕಿದ್ದರಿಂದ ಗಾಳಿಗುಳ್ಳೆ ಅಂಟಲಿಲ್ಲ. ಇಷ್ಟು ಸಣ್ಣ ಕಲ್ಲಿಗೆ ಒಂದು ಗುಳ್ಳೆ ಅಂಟಿದರೂ ಲೆಕ್ಕ ಏರುಪೇರಾಗುತ್ತದೆ.

ಗಡಸುತನ ನಾನು ಪರೀಕ್ಷಿಸುವುದಿಲ್ಲ. ಪಾಲಿಶ್ ಆದ ಹರಳನ್ನು ಗೀಚುವುದು ತಪ್ಪು. ಮೋಸ್ ಮಾಪಕದಲ್ಲಿ ಮಾಣಿಕ್ಯ 9, ಸ್ಪಿನೆಲ್ 8. ಒಂದೇ ಡಬ್ಬಿಯಲ್ಲಿಟ್ಟರೆ ಮಾಣಿಕ್ಯ ಸ್ಪಿನೆಲ್ ಮೇಲೆ ಗೀರು ಹಾಕುತ್ತದೆ, ಅದಕ್ಕೇ ಬೇರೆ ಬೇರೆ ಇಟ್ಟಿದ್ದೇನೆ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಬೆಳಕಿನ ಭಾಗ. ಹರಳು ಬೆಳಕನ್ನು ಎಷ್ಟು ಬಾಗಿಸುತ್ತದೆ (ವಕ್ರೀಭವನ) ಅಂತ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸ್ಪಿನೆಲ್ ಒಂದೇ ನೆರಳಿನ ಗೆರೆ ತೋರಿಸಿತು, 1.718ರಲ್ಲಿ. ಕಲ್ಲನ್ನು ಎಷ್ಟು ತಿರುಗಿಸಿದರೂ ಗೆರೆ ಅಲ್ಲಾಡಲಿಲ್ಲ. ಮಾಣಿಕ್ಯದಲ್ಲಿ ಎರಡು ಗೆರೆ. ಒಂದು 1.770ರಲ್ಲಿ ಗಟ್ಟಿಯಾಗಿ ನಿಂತಿತು. ಇನ್ನೊಂದು ಕಲ್ಲು ತಿರುಗಿದಂತೆ ಮೆಲ್ಲಗೆ ಜಾರಿ 1.762ರವರೆಗೆ ಹೋಗಿ ವಾಪಸ್ ಬಂತು. ಮಾಣಿಕ್ಯ ಬೆಳಕನ್ನು ಎರಡಾಗಿ ಸೀಳುತ್ತದೆ ಅಂತ ಓದಿದ್ದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಹಾಗೆ ಸೀಳಿದ ಎರಡು ಕಿರಣಗಳ ಬಣ್ಣವನ್ನು ಅಕ್ಕಪಕ್ಕ ತೋರಿಸುವ ಡೈಕ್ರೋಸ್ಕೋಪ್ ಇನ್ನೂ ಚೆನ್ನ. ಅದರ ಎರಡು ಪುಟ್ಟ ಕಿಟಕಿಗಳಲ್ಲಿ ಮಾಣಿಕ್ಯ ಒಂದರಲ್ಲಿ ನೇರಳೆ ಮಿಶ್ರಿತ ಕೆಂಪು, ಇನ್ನೊಂದರಲ್ಲಿ ಕಿತ್ತಳೆ ಮಿಶ್ರಿತ ಕೆಂಪು. ಸ್ಪಿನೆಲ್‌ನಲ್ಲಿ ಎರಡೂ ಒಂದೇ. ಆದರೆ ಮಾಣಿಕ್ಯವನ್ನು ಅದರ ದ್ಯುತಿ ಅಕ್ಷದ, ಅಂದರೆ ಬೆಳಕು ಎರಡಾಗಿ ಸೀಳದ ದಿಕ್ಕಿನ, ಉದ್ದಕ್ಕೆ ನೋಡಿದರೆ ಅಲ್ಲೂ ಬಣ್ಣ ಒಂದೇ ಆಗಿಬಿಡುತ್ತದೆ! ಒಳ್ಳೆಯ ಬಣ್ಣ ಸಿಗಲಿ ಅಂತ ಎಷ್ಟೋ ಮಾಣಿಕ್ಯಗಳ ಮೇಲಿನ ಚಪ್ಪಟೆ ಮುಖವನ್ನು ಈ ಅಕ್ಷಕ್ಕೆ ಅಡ್ಡವಾಗಿಯೇ ಕತ್ತರಿಸುತ್ತಾರೆ. ಆದ್ದರಿಂದ ಬರೀ ಮೇಲಿನಿಂದ ನೋಡಿ ಸ್ಪಿನೆಲ್ ಅನ್ನಬಾರದು. ಪಕ್ಕಕ್ಕೆ ಹೊರಳಿಸಿ, ಕನಿಷ್ಠ ಮೂರು ದಿಕ್ಕಿನಿಂದ ನೋಡಲೇಬೇಕು. ಎರಡು ಧ್ರುವೀಕರಣ ಫಿಲ್ಟರುಗಳ ನಡುವೆ ಹರಳನ್ನು ತಿರುಗಿಸಿ ನೋಡುವ ಪೋಲಾರಿಸ್ಕೋಪ್‌ಗೂ ಇದೇ ಮಾತು.

ಯುವಿ ಲೈಟ್‌ನಿಂದ ಇಲ್ಲಿ ಪ್ರಯೋಜನವಾಗಲಿಲ್ಲ. ಎರಡೂ ಕೆಂಪಗೆ ಹೊಳೆದವು, ನೋಡಲು ಮಾತ್ರ ಸೊಗಸು.

ಮುಂದೆ ಸ್ಪೆಕ್ಟ್ರೋಸ್ಕೋಪ್, ಅಂದರೆ ಹರಳಿನಿಂದ ಬಂದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸಾಧನ. ಮಾಣಿಕ್ಯದ ನೀಲಿ ಭಾಗದಲ್ಲಿ ಸಣ್ಣ ಕಪ್ಪು ಗೆರೆಗಳು ಬರಬೇಕು, ಸ್ಪಿನೆಲ್‌ನಲ್ಲಿ ಅವು ಇರುವುದಿಲ್ಲ. ಆಮೇಲೆ ಮಾಣಿಕ್ಯ ನೆಲದಲ್ಲಿ ಹುಟ್ಟಿದ್ದೋ, ಕುಲುಮೆಯಲ್ಲಿ ಬೆಳೆಸಿದ್ದೋ ನೋಡಬೇಕು. ನೆಲದ್ದು, ಕುಲುಮೆಯದ್ದು ಎರಡರಲ್ಲೂ ಸಾಂದ್ರತೆ, ವಕ್ರೀಭವನ ಒಂದೇ ಆದ್ದರಿಂದ ಈ ಅಂಕಿಗಳು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹತ್ತು ಪಟ್ಟಿನ ಲೆನ್ಸ್ ಹಿಡಿದು ಒಳಗೆ ಕುಲುಮೆಯ ಗುರುತಾದ ಬಾಗಿದ ಗೆರೆಗಳಿವೆಯೇ, ಗಾಳಿಗುಳ್ಳೆಗಳಿವೆಯೇ, ಅಥವಾ ನೆಲದ ಗುರುತಾದ, 60 ಡಿಗ್ರಿಯಲ್ಲಿ ಒಂದನ್ನೊಂದು ದಾಟುವ ರೂಟೈಲ್ ಖನಿಜದ ಸೂಜಿಗಳಿವೆಯೇ ಅಂತ ಹುಡುಕುತ್ತೇನೆ.